ಹೋಮ್ ಸಾಕು, ಆ ದುಡ್ಡಿಗೆ ರ‍್ಯಾಮ್ ಹಾಕಿಸು

ಅಕ್ಕನ ಮಗ ಶಿವಮೊಗ್ಗದಲ್ಲಿ ಬಿಸಿಎ ಓದುತ್ತಿದ್ದಾನೆ. ಲ್ಯಾಪ್‌ಟಾಪ್ ಕೊಳ್ಳಲು ಹೋದವನು ಅಂಗಡಿಯಿಂದಲೇ ಫೋನ್ ಮಾಡಿದ. "ಮಾಮ, ಕೋಡಿಂಗ್‌ಗೆ ವಿಂಡೋಸ್ 11 ಪ್ರೋ ಬೇಕೇ ಬೇಕಂತೆ. ಹೋಮ್‌ನಲ್ಲಿ ಡಾಕರ್ ಓಡಲ್ವಂತೆ, ಹೌದಾ?"

ಹೋಮ್, ಪ್ರೋ ಎರಡೂ ವಿಂಡೋಸ್ 11ರ ಆವೃತ್ತಿಗಳು. ಡಾಕರ್ ಅಂದರೆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ್ದನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಸಾಧನ. ಅದು ಹೋಮ್‌ನಲ್ಲಿ ಓಡಲ್ಲ ಅನ್ನುವುದು ಒಂದು ಕಾಲಕ್ಕೆ ನಿಜವೇ. ವಿಂಡೋಸ್‌ನಲ್ಲಿ ಹಾಕುವ ಡಾಕರ್ ಡೆಸ್ಕ್‌ಟಾಪ್‌ಗೆ ಹೈಪರ್-ವಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸೌಲಭ್ಯ) ಬೇಕಿತ್ತು, ಅದು ಹೋಮ್‌ನಲ್ಲಿ ಸಿಗುತ್ತಿರಲಿಲ್ಲ. 2020ರಲ್ಲಿ, ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2 ಬಂದ ಮೇಲೆ ಆ ತೊಡಕು ಹೋಯಿತು. ವಿಂಡೋಸ್ ಒಳಗೇ ನಿಜವಾದ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು) ಓಡುತ್ತದೆ, ಡಾಕರ್ ಅದರ ಮೇಲೆ ನಡೆಯುತ್ತದೆ. ಹೋಮ್ ಆದರೂ ಸರಿ. ಪ್ರೋದಲ್ಲಿ ಹೆಚ್ಚಿಗೆ ಸಿಗುವುದು ಹೈಪರ್-ವಿ, ಕಂಪ್ಯೂಟರ್‌ಗಳಿಗೆ ಒಟ್ಟಾಗಿ ನಿಯಮ ಹಾಕುವ ಗ್ರೂಪ್ ಪಾಲಿಸಿ, ಡಿಸ್ಕ್‌ಗೆ ಬೀಗ ಹಾಕುವ ಪೂರ್ತಿ ಬಿಟ್‌ಲಾಕರ್, ಬೇರೆ ಕಡೆಯಿಂದ ಈ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರುವ ಸೌಲಭ್ಯ, ಇಂಥವು. ಆಫೀಸಿನವರಿಗೆ ಬೇಕು. ವೆಬ್‌ಸೈಟ್ ಮಾಡಲು ಪಿಎಚ್‌ಪಿ, ನೋಡ್ ಕಲಿಯುವ ಹುಡುಗನಿಗೆ ಯಾಕೆ?

"ಕಡಿಮೆ ದುಡ್ಡಿಗೆ ಪ್ರೋ ಕೀ ನಾವೇ ಹಾಕಿಕೊಡ್ತೀವಿ ಅಂತಾರೆ" ಅಂದ. ಅದಂತೂ ಬೇಡವೇ ಬೇಡ ಅಂದೆ. ಎಲ್ಲಿಂದ ಬಂದಿದ್ದೋ ಗೊತ್ತಿಲ್ಲದ ಕೀ, ಅಂದರೆ ಲೈಸೆನ್ಸ್ ನಂಬರ್, ಯಾವಾಗ ಬ್ಲಾಕ್ ಆಗುತ್ತದೋ ಹೇಳೋಕಾಗಲ್ಲ. ಮುಂದೆ ನಿಜಕ್ಕೂ ಪ್ರೋ ಬೇಕಾದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದಲೇ ಕೊಳ್ಳಬಹುದು, ವಿಂಡೋಸ್ ಮತ್ತೆ ಹಾಕುವ ಕೆಲಸವೂ ಇಲ್ಲ.

ದುಡ್ಡು ಕೊಡುವುದೇ ಬೇಡ ಅನ್ನುವವರಿಗೆ ಉಚಿತವಾಗಿ ಸಿಗುವ ಉಬುಂಟು ಲಿನಕ್ಸ್ ಇದ್ದೇ ಇದೆ, ನನಗೂ ಅದೇ ಇಷ್ಟ. ಆದರೆ ಕಾಲೇಜಿನ ಕೆಲವು ಕೆಲಸಕ್ಕೆ ಇವನಿಗೆ ವಿಂಡೋಸ್ ಬೇಕಿತ್ತು. ಹಾಗಾಗಿ ಹೋಮ್ ಇದ್ದ ಲ್ಯಾಪ್‌ಟಾಪನ್ನೇ ತೆಗೆದುಕೊಂಡು, ಉಳಿದ ದುಡ್ಡಿನಲ್ಲಿ ರ‍್ಯಾಮ್ 8 ಜಿಬಿಯಿಂದ 16ಕ್ಕೆ ಏರಿಸಲು ಹೇಳಿದೆ. ಬ್ರೌಸರ್, ಎಡಿಟರ್, ಡಾಕರ್ ಮೂರೂ ಒಟ್ಟಿಗೆ ತೆರೆದರೆ 8 ಜಿಬಿ ಸಾಲುವುದಿಲ್ಲ. ದುಡ್ಡು ಹಾಕಬೇಕಾದ ಜಾಗ ಅದೇ ಅಲ್ವಾ?

ಭಾನುವಾರ ಅವರ ಮನೆಗೆ ಹೋಗಿ ಕೂತೆ. ಲ್ಯಾಪ್‌ಟಾಪ್ ಶುರುವಾಗುವಾಗಿನ ಸೆಟ್ಟಿಂಗ್, ಅಂದರೆ ಬಯೋಸ್‌ನಲ್ಲಿ, ಡಬ್ಲ್ಯೂಎಸ್‌ಎಲ್‌ಗೆ ಬೇಕಾದ ವರ್ಚುವಲೈಸೇಷನ್ ಆನ್ ಇದೆಯಾ ನೋಡಿಕೊಂಡು, ಡಬ್ಲ್ಯೂಎಸ್‌ಎಲ್ ಹಾಕಿದೆವು. ಕಮಾಂಡ್ ಒಂದೇ ಸಾಲು, ಉಬುಂಟು ಅದರ ಜೊತೆಗೇ ಬರುತ್ತದೆ. ಆಮೇಲೆ ಡಾಕರ್, ಅದರೊಳಗೆ ಮರಿಯಾಡಿಬಿ ಡೇಟಾಬೇಸ್. ಅವನ ಪ್ರಾಜೆಕ್ಟ್ ಸಿ ಡ್ರೈವ್‌ನಲ್ಲಿತ್ತು. ಅದಕ್ಕೆ ಬೇಕಾದ ಪ್ಯಾಕೇಜುಗಳನ್ನು ಉಬುಂಟುವಿನಿಂದ ಇನ್‌ಸ್ಟಾಲ್ ಮಾಡಲು ಕೊಟ್ಟರೆ ಮುಗಿಯುವ ಲಕ್ಷಣವೇ ಇಲ್ಲ. ಲಿನಕ್ಸ್ ಕಡೆಯಿಂದ ವಿಂಡೋಸ್ ಡ್ರೈವ್‌ನ ಸಣ್ಣ ಸಣ್ಣ ಫೈಲುಗಳನ್ನು ಮುಟ್ಟುವುದು ತುಂಬಾ ನಿಧಾನ. ಇಡೀ ಫೋಲ್ಡರನ್ನು ಉಬುಂಟು ಒಳಗೆ ಅವನದೇ ಫೋಲ್ಡರ್‌ಗೆ ಹಾಕಿಸಿದೆ. ಅದೇ ಕೆಲಸ ಬೇಗ ಮುಗಿಯಿತು. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ (ಇದೇ ಕಂಪ್ಯೂಟರ್‌ನ ವಿಳಾಸ) ತೆರೆದು ತನ್ನ ಪುಟ ನೋಡಿದವನು, "ಪ್ರೋ ಇಲ್ದೇನೇ ಬಂತಲ್ಲ ಮಾಮ!" ಅಂದ.