ಒಣಗದ ಉವಾಬಾಕಿ

ಭಾನುವಾರ, 16 ನವೆಂಬರ್ 2025
ನಿಶಿ-ಕಸಾಯ್, ಟೋಕಿಯೊ, ರಾತ್ರಿ 10.20

ಪುಟ್ಟಿಯ ಉವಾಬಾಕಿ, ಅಂದರೆ ಸ್ಕೂಲಿನ ಒಳಗೆ ಹಾಕೋ ಶೂ, ಇನ್ನೂ ಒಣಗಿಲ್ಲ. ಶುಕ್ರವಾರವೇ ಸ್ಕೂಲಿನಿಂದ ಮನೆಗೆ ಬಂದಿತ್ತು. ಶನಿವಾರ ತೊಳೆದಿಡ್ತೀನಿ ಅಂತ ಜಂಬ ಕೊಚ್ಚಿದವನು ನಾನೇ, ತೊಳೆದದ್ದು ಇವತ್ತು ಮಧ್ಯಾಹ್ನ ಎರಡಕ್ಕೆ. ನಾಲ್ಕೂವರೆ ದಾಟುತ್ತಿದ್ದಂತೆ ಕತ್ತಲಾಗೋ ಈ ತಿಂಗಳಲ್ಲಿ ಕ್ಯಾನ್ವಾಸ್ ಶೂ ಎಲ್ಲಿಂದ ಒಣಗಬೇಕು? ನಾಳೆ ಮಗು ಒದ್ದೆ ಶೂ ಹಾಕಿಕೊಂಡು ಕ್ಲಾಸಿನಲ್ಲಿ ಕೂತರೆ ನನ್ನ ಗ್ರಹಚಾರ ಬಿಡಿಸೋಕೆ ಇವಳು ಕಾದಿದ್ದಾಳೆ.

ಆರಕ್ಕೆ ಚಿಬಿ ಮಾರುಕೊ, ಆರೂವರೆಗೆ ಸಜಾಎ-ಸಾನ್, ಎರಡೂ ಟೀವಿ ಕಾರ್ಟೂನು. ಭಾನುವಾರ ಈ ಒಂದು ಗಂಟೆ ಪುಟ್ಟಿಯನ್ನ ಟೀವಿ ಮುಂದಿನಿಂದ ಎಬ್ಬಿಸೋ ಹಾಗಿಲ್ಲ. ಮಾರುಕೊ ಹಾಡಿಗೆ ಸೋಫಾ ಮೇಲೆ ಕುಣಿತ, ಸಜಾಎ ಹಾಡಿಗೆ ಸೋಫಾದಿಂದ ಇಳಿದು ಓಟ. ಬೆಕ್ಕು ಮೀನು ಕಚ್ಚಿಕೊಂಡು ಹೋಗುತ್ತೆ, ಸಜಾಎ ಬರಿಗಾಲಲ್ಲಿ ಅಟ್ಟಿಸಿಕೊಂಡು ಹೋಗ್ತಾಳೆ ಅಂತ ಹಾಡಲ್ಲಿ ಬರುತ್ತಲ್ಲ, ಅದಕ್ಕೆ. ಬೆಕ್ಕಿನ ಪಾತ್ರ ಯಾವಾಗಲೂ ನನ್ನದು. ಇವತ್ತು ಓಡೋ ಮನಸ್ಸಿರಲಿಲ್ಲ. ನಾಳೆ ಒಂಬತ್ತಕ್ಕೆ ಮೀಟಿಂಗ್, ಸ್ಲೈಡು ಮುಟ್ಟೇ ಇಲ್ಲ.

ಏಳಕ್ಕೆ ಐದು ನಿಮಿಷ ಇದೆ ಅನ್ನುವಾಗ ಶೂ ಮುಟ್ಟಿ ನೋಡೋಣ ಅಂತ ಬಾಲ್ಕನಿಗೆ ಹೋದೆ. ಒಳಗೆ ನಮ್ಮ ಟೀವಿ, ಆಚೆ ಪಕ್ಕದ ಮನೆಯ ಟೀವಿ, ಎರಡರಲ್ಲೂ ಕೊನೆಯ ಹಾಡು. ಇಡೀ ಕುಟುಂಬ ಸಾಲಾಗಿ ಹೋಗಿ ಒಂದು ಪುಟಾಣಿ ಮನೆಯೊಳಗೆ ತುಂಬಿಕೊಳ್ಳುತ್ತೆ, ಮನೆ ಉಬ್ಬಿ ಅಲ್ಲಾಡುತ್ತೆ, ನೋಡಿದ್ದೀರಲ್ಲ. ನಡುವಿನ ತಡಿಕೆ ಹಲಗೆಯ ಆಚೆ ಪಕ್ಕದ ಮನೆ ಯಜಮಾನರು ನಿಂತಿದ್ದರು. ಸಿಪ್ಪೆ ಹೆರೆದ ಕಾಕಿ (ಪರ್ಸಿಮನ್) ಹಣ್ಣನ್ನ ಒಣಗೋಕೆ ದಾರಕ್ಕೆ ಕಟ್ಟಿ ತೂಗುಹಾಕಿದ್ದಾರೆ, ನಾಲ್ಕು ಸಾಲು. ಒಂದೊಂದನ್ನೇ ಎರಡು ಬೆರಳಲ್ಲಿ ಮೆಲ್ಲಗೆ ಹಿಸುಕಿ ನೋಡುತ್ತಿದ್ದರು.

"ಈ ಹಾಡು ಕೇಳಿದ್ರೆ ಹೊಟ್ಟೆ ತೊಳೆಸುತ್ತೆ" ಅಂದೆ, ನನ್ನ ಹರಕು ಜಪಾನಿಯಲ್ಲಿ.

ನಕ್ಕರು. "ಹಾಗಾದ್ರೆ ನೀವೂ ನಮ್ಮವರೇ ಆದ್ರಿ."

ಇದಕ್ಕೆ ಇಲ್ಲಿ ಹೆಸರೇ ಇದೆ, ಸಜಾಎ-ಸಾನ್ ಶೋಕೋಗುನ್. ಶೋಕೋಗುನ್ ಅಂದರೆ ಸಿಂಡ್ರೋಮ್. ಆ ಹಾಡು ಬಂತು ಅಂದ್ರೆ ಭಾನುವಾರ ಮುಗೀತು, ನಾಳೆ ಕೆಲಸ, ಎದೆ ಭಾರ. ತಮಾಷೆ ಏನಪ್ಪಾ ಅಂದ್ರೆ ಹಾಡಿನಲ್ಲಿ ಬೇಜಾರಿನ ಒಂದು ಸ್ವರವೂ ಇಲ್ಲ. ಮದುವೆ ಮನೆಯ ಬ್ಯಾಂಡಿನ ಹಾಗೆ ಕುಣಿಸುತ್ತೆ.

ಯಜಮಾನರು ಶುರುಮಾಡಿದರು. 1969ರ ಅಕ್ಟೋಬರ್ 5ರಂದು ಸಜಾಎ-ಸಾನ್ ಟೀವಿಯಲ್ಲಿ ಮೊದಲು ಬಂದಾಗ ಅವರಿಗೆ ಎಂಟು ವರ್ಷ. ಆವತ್ತಿನಿಂದ ಮೊದಲಿನ ಹಾಡೂ ಅದೇ, ಕೊನೆಯದೂ ಅದೇ, ಉನೊ ಯೂಕೊ ಅವರದೇ ದನಿ. ಸಜಾಎಗೆ ಮಾತು ಕೊಡೋ ಕಾತೊ ಮಿದೋರಿ ಕೂಡ ಆವತ್ತಿನಿಂದ ಬದಲಾಗಿಲ್ಲ. ರಾಗ ಹಾಕಿದ ತ್ಸುತ್ಸುಮಿ ಕ್ಯೋಹೆಯ್ 2020ರಲ್ಲಿ ತೀರಿಕೊಂಡರು. 1969ರಲ್ಲಿ ಇವರ ಅಕ್ಕ ದಿನವಿಡೀ ಗುನುಗುತ್ತಿದ್ದ 'ಬ್ಲೂ ಲೈಟ್ ಯೋಕೊಹಾಮಾ'ದ ರಾಗವೂ ಅವರದೇ ಅಂತೆ. ಅಕ್ಕನ ಹಾಡು ಕೇಳಿದರೆ ಏನೂ ಆಗುತ್ತಿರಲಿಲ್ಲ, ಇದಕ್ಕೆ ಮಾತ್ರ ಹೊಟ್ಟೆನೋವು.

"ಮಂಗಳವಾರ ಹಳೇ ಕಂತು ಹಾಕ್ತಿದ್ರು, ಗೊತ್ತಾ? 1997ರ ತನಕ. ಅದಕ್ಕೆ ಬೇರೆ ಹಾಡು. ಅದೇ ಸಜಾಎ, ಅದೇ ಮನೆ, ಅದೇ ತುಂಟ ತಮ್ಮ. ಮಂಗಳವಾರ ಹೊಟ್ಟೆ ನೋಯ್ತಾ ಇರ್ಲಿಲ್ಲ."

ಮತ್ತೆ ಒಂದು ಹಣ್ಣು ಹಿಸುಕಿದರು. ಮಾರ್ಚಿನಲ್ಲಿ ರಿಟೈರ್ ಆದರಲ್ಲ, ಈಗ ಹೇಗೆ ಅಂತ ಕೇಳಿದೆ.

"ಈಗ ಏನೂ ಆಗಲ್ಲ. ಹಾಡು ಬರುತ್ತೆ, ಮುಗಿಯುತ್ತೆ. ಅದಕ್ಕೇ ವಾಲ್ಯೂಮ್ ಜಾಸ್ತಿ ಇಡ್ತೀನಿ, ಆಗುತ್ತೇನೋ ಅಂತ."

ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ಒಳಗಿನಿಂದ "ಅಪ್ಪಾ, ಸೋತೇ!" ಅಂತ ಕಿರುಚು. ಕಂತಿನ ಕೊನೆಯಲ್ಲಿ ಸಜಾಎ ಪರದೆಯ ಆಚೆಯಿಂದ ಕಲ್ಲು-ಕತ್ತರಿ-ಕಾಗದ ಆಡ್ತಾಳೆ, 1991ರಿಂದ ಇದೇ ಕತೆ. ಪುಟ್ಟಿ ಕತ್ತರಿ, ಅವಳು ಕಲ್ಲು. ಪ್ರತಿ ವಾರ ಕತ್ತರಿಯನ್ನೇ ಹಿಡಿಯುತ್ತೆ, ಹೇಳಿದರೆ ಕೇಳಲ್ಲ. ಹಲಗೆಯ ಆಚೆಯಿಂದ "ನಾನೂ ಸೋತೆ ಅಂತ ಹೇಳಿ ಅವಳಿಗೆ" ಅಂದರು. ಅವರು ಟೀವಿ ಕಡೆ ತಿರುಗಿಯೂ ಇರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಇನ್ನೂ ಮೂರೂವರೆ. "ಈಗ ತಾನೇ ಅಡ್ಡಾಗಿದ್ದೆ ಕಣೋ. ಯಾಕೋ, ದನಿ ಒಂಥರಾ ಇದೆ?" ಅಮ್ಮನ ಭಾನುವಾರ ಇನ್ನೂ ಅರ್ಧ ಬಾಕಿ ಇದೆ, ಸಂಜೆ ಕಾಫಿ ಇದೆ, ಪಾರ್ಕಿನ ಕಲ್ಲುಬೆಂಚಿದೆ. ಹೊಟ್ಟೆಕಿಚ್ಚಾಯಿತು. ಮಂಡಕ್ಕಿ ಒಗ್ಗರಣೆ ಹಾಕ್ತೀನಿ ಅಂದಳು, ಇನ್ನೂ ಉರಿಯಿತು.

ಒಳಗೆ ಬರೋ ಮುಂಚೆ ಯಜಮಾನರು ಒಂದು ಮಾತು ಕೇಳಿದ್ದರು, ನಿಮ್ಮೂರಲ್ಲೂ ಇಂಥ ಹಾಡು ಇದೆಯಾ ಅಂತ. ಇಲ್ಲ ಅಂದುಬಿಟ್ಟೆ. ಈಗ ಹೇರ್ ಡ್ರೈಯರ್ ಹಿಡಿದು ಉವಾಬಾಕಿಗೆ ಬಿಸಿಗಾಳಿ ಬಿಡುತ್ತಾ ಕೂತಾಗ, ಒದ್ದೆ ಬಟ್ಟೆ ಕಾದ ವಾಸನೆ ಮೂಗಿಗೆ ಹೊಡೆದಾಗ ನೆನಪಾಯಿತು. ನಮ್ಮದು ಹಾಡಲ್ಲ. ಭಾನುವಾರ ದೂರದರ್ಶನದ ಸಿನಿಮಾ ಮುಗಿದ ಮೇಲೆ ಅಪ್ಪ ನಡುಮನೆಯಲ್ಲಿ ಕಂಬಳಿ ಹಾಸಿ, ತೆಂಗಿನ ಚಿಪ್ಪಿನ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ತಂದು, ನನ್ನ ಯೂನಿಫಾರಂ ಮೇಲೆ ಕೈಯಿಂದ ನೀರು ಚಿಮುಕಿಸುತ್ತಿದ್ದರಲ್ಲ, ಪೆಟ್ಟಿಗೆ ಇಟ್ಟ ಕೂಡಲೇ ಚುಸ್ ಅನ್ನುತ್ತಿತ್ತಲ್ಲ, ಅದು. ಹೋಮ್‌ವರ್ಕ್ ಮಾಡಿಲ್ಲ ಅನ್ನೋದು ಆ ಚುಸ್ ಕೇಳಿದ ಮೇಲೇ ಗೊತ್ತಾಗುತ್ತಿದ್ದದ್ದು.

ನಾಳೆ ಬೆಳಿಗ್ಗೆ ಕಸ ಇಡೋಕೆ ಇಳಿದಾಗ ಸಿಕ್ಕರೆ ಹೇಳಬೇಕು. ಇಸ್ತ್ರಿಗೆ ಇಲ್ಲೂ ಐರನ್ ಅಂತಲೇ ಅಂತಾರೆ, ಸರಿ. ಆದರೆ ಆ ಚುಸ್ ಅನ್ನೋದನ್ನ...