ಆರಕ್ಕೂ ರಿವರ್ ಅಂತ ಬರೆದವನು

ನಮ್ಮೂರಿನ ಹೆಸರನ್ನ ಇಂಗ್ಲಿಷ್ ಬೋರ್ಡಲ್ಲಿ ಓದಿದ್ರೆ ಏನಾಗುತ್ತೆ ಅಂತ ಈ ಸ್ಕೂಲಲ್ಲಿ ಓದಿದೋರಿಗೆ ಹೇಳ್ಬೇಕಾಗಿಲ್ಲ. ಹೊಳೆನರಸೀಪುರದ 'ಹೊಳೆ'ಗೆ ಇಂಗ್ಲಿಷಲ್ಲಿ ನಾಲ್ಕೇ ಅಕ್ಷರ, ಸುಮ್ನೆ ಓದಿದ್ರೆ 'ಹೋಲ್', ಅಂದ್ರೆ ತೂತು. ಎಂಟನೇ ಕ್ಲಾಸಲ್ಲಿ ಹಿಂದಿನ ಬೆಂಚಿನೋರು ನಾವು ತೂತುನರಸೀಪುರ ಅಂತ ಪಿಸುಗುಟ್ಕೊಂಡು ನಗ್ತಿದ್ದಾಗ ಇಂಗ್ಲಿಷ್ ಮೇಷ್ಟ್ರು ಕೇಳಿಸ್ಕೊಂಡ್ರು. ಬೆತ್ತ ಬರುತ್ತೆ ಅಂದ್ಕೊಂಡ್ವಿ. ಅವ್ರು ಹೋಗಿ ಬೋರ್ಡ್ ಮೇಲೆ ಹೊಳೆ, ಹಳ್ಳ, ತೊರೆ, ಝರಿ, ಕಾಲುವೆ, ಕೋಡಿ ಅಂತ ಬರೆದು, ಅಷ್ಟು ಇಂಗ್ಲಿಷ್ ಬರುತ್ತಲ್ಲಾ, ಇವಕ್ಕೂ ಬರೀರಿ ನೋಡೋಣ ಅಂದ್ರು. ನಾನು ಆರಕ್ಕೂ ರಿವರ್ ಅಂತ ಬರೆದೆ. ಆರಕ್ಕೆ ಒಂದು ಮಾರ್ಕ್ ಬಂತು, ಹೊಳೇದು.

ಹಳ್ಳಕ್ಕೆ ಸರಿಯಾದ ಉತ್ತರ ಏನ್ ಸಾರ್ ಅಂತ ಕೇಳಿದ್ದಕ್ಕೆ ಅವ್ರು ಕೇಳಿದ್ದು, "ಯಾವೂರಿನ ಹಳ್ಳ?" ಅಂತ. ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡಿದ್ದೆ.

ರಿವರ್ ಅನ್ನೋ ಪದದಲ್ಲಿ ನೀರೇ ಇಲ್ಲ ಕಣ್ರೋ ಅಂತ ಅವರೇ ಒಂದ್ಸಲ ಹೇಳಿದ್ರು. ಫ್ರೆಂಚಿಂದ ಬಂದಿದ್ದು, ಅದರ ಹಿಂದೆ ಇರೋದು ಲ್ಯಾಟಿನ್ನಿನ 'ರಿಪಾ', ಅಂದ್ರೆ ದಡ. ಅರೈವ್ ಅನ್ನೋದೂ ಅದೇ ದಡದ್ದು, ದಡ ಸೇರೋದು ಅಂತ ಅರ್ಥ, ಈಗ ಮೆಜೆಸ್ಟಿಕ್ಕಿಗೆ ಬಸ್ ಬಂದ್ರೂ ಅರೈವಲ್ಲೇ. ರೈವಲ್ ಮಾತ್ರ ಬೇರೆ ಬೇರಿಂದು, 'ರಿವಸ್' ಅಂದ್ರೆ ತೊರೆ, ಒಂದೇ ತೊರೆಯ ನೀರು ಹಂಚ್ಕೊಳ್ಳೋ ಅಕ್ಕಪಕ್ಕದೋರು ರೈವಲ್‌ಗಳು. ಇದನ್ನ ನಂಗೆ ಯಾರೂ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ. ನಾಲೇಲಿ ನೀರು ಬಿಟ್ಟ ರಾತ್ರಿ ಅಪ್ಪ ಟಾರ್ಚು ಸನಿಕೆ ಹಿಡ್ಕೊಂಡು ಗದ್ದೆಗೆ ಹೋಗೋರು, ನಮ್ಮ ಕಡೆ ತೆಗೆದಿದ್ದ ಬಾಯಿಗೆ ಪಕ್ಕದ ಗದ್ದೆಯೋರು ಮಣ್ಣು ಹಾಕಿ ಮುಚ್ಚಿರ್ತಿದ್ರು, ಅಪ್ಪ ಅದನ್ನ ಕಿತ್ತು ಅವರದ್ದಕ್ಕೆ ಹಾಕೋರು, ಬೆಳಗಾದ್ರೆ ಇಬ್ರೂ ಒಂದೇ ಹೋಟ್ಲಲ್ಲಿ ಟೀ ಕುಡೀತಾ ಮಾತೇ ಆಡ್ದೆ ಕೂತಿರೋರು. ಲ್ಯಾಟಿನ್ ಅಂದ್ರೆ ಇಷ್ಟೇನಾ ಅನ್ಸಿತ್ತು.

ಇನ್ನು ಕರೆಂಟು. ಪಾಠದಲ್ಲಿ ನದೀಲಿ ಸ್ಟ್ರಾಂಗ್ ಕರೆಂಟ್ ಇತ್ತು ಅಂತ ಬಂತು, ನನ್ನ ಪಕ್ಕದೋನು ಎದ್ದು ನಿಂತು, ಹಂಗಾದ್ರೆ ಮೀನೆಲ್ಲ ಸತ್ತೋಗಿರ್ತವೆ ಅಲ್ವಾ ಸಾರ್ ಅಂದ! ಸೆಳೆತ ಕಣೋ, ಗೊರೂರಲ್ಲಿ ಗೇಟ್ ತೆಗೆದಾಗ ಹೇಮಾವತಿ ಕಾಲು ಎಳೀತಾಳಲ್ಲ ಅದು, ವೈರಲ್ಲಿ ಹರಿಯೋದಕ್ಕೆ ಆ ಹೆಸರು ಆಮೇಲೆ ಬಂದಿದ್ದು ಅಂದ್ರು ಮೇಷ್ಟ್ರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಎಲ್ರೂ ಯಾವ ಸ್ಟ್ರೀಮು ಯಾವ ಸ್ಟ್ರೀಮು ಅಂತ ಕೇಳ್ತಿದ್ರಲ್ಲ, ಅದೂ ತೊರೆನೇ ಅಂತ ಆಗ ಹೊಳೀಲಿಲ್ಲ, ಸೈನ್ಸಿಗೆ ಹೋದೆ.

"ಯಾವೂರಿನ ಹಳ್ಳ" ಅರ್ಥ ಆಗಿದ್ದು ಆಫೀಸಿನೋರು ಎರಡು ವರ್ಷ ಇಂಗ್ಲೆಂಡಿನ ಲೀಡ್ಸಿಗೆ ಕಳಿಸಿದಾಗ. ಆ ಕಡೆ ಹಳ್ಳಕ್ಕೆ ಬ್ರೂಕ್ ಅನ್ನೋದಕ್ಕಿಂತ ಬೆಕ್ ಅಂತಾರೆ, ಹಡಗು ಹತ್ತಿ ಬಂದ ವೈಕಿಂಗರ ಭಾಷೆಯಿಂದ ಉಳ್ಕೊಂಡಿದ್ದು. ಮೀನ್‌ವುಡ್ ಬೆಕ್ ಪಕ್ಕ ವಾಕಿಂಗ್ ಹೋಗಿದ್ದೆ ಅಂತ ಮನೆಗೆ ಫೋನಲ್ಲಿ ಹೇಳಿದ್ರೆ ನಮ್ಮಮ್ಮ, ಬೆಕ್ಕು ಸಾಕ್ಕೊಂಡಿದ್ಯೇನೋ ಅಂದ್ರು. ಅಲ್ಲೇ ಹೋಲ್‌ಬೆಕ್ ಅಂತ ಒಂದು ಏರಿಯಾನೂ ಇದೆ, ಬೋರ್ಡ್ ನೋಡಿ ಒಂದು ಕ್ಷಣ ನಮ್ಮ ಹೊಳೆನೇ ಬಂದಂಗಾಯ್ತು. ಆದ್ರೆ ಆ 'ಹೋಲ್' ತಗ್ಗು ಅನ್ನೋ ಅರ್ಥದ್ದು, ತಗ್ಗಲ್ಲಿ ಹರಿಯೋ ಹಳ್ಳ ಅಂತ. ಅಂದ್ರೆ ತೂತಿಗೇ ಹತ್ರ! ರಜದಲ್ಲಿ ಸ್ಕಾಟ್ಲೆಂಡಿಗೆ ಹೋದ್ರೆ ಅದೇ ಹಳ್ಳ 'ಬರ್ನ್' ಆಯ್ತು, ಸುಡೋದು ಅನ್ನೋ ಪದ ಅಂದ್ಕೊಂಡ್ರೆ ಕೆಟ್ವಿ, 1314ರಲ್ಲಿ ಸ್ಕಾಟರು ಇಂಗ್ಲಿಷ್ ರಾಜನ್ನ ಸೋಲಿಸಿದ ಬ್ಯಾನಕ್‌ಬರ್ನ್ ಕೂಡ ಒಂದು ಹಳ್ಳದ ಹೆಸರೇ. ಅಮೆರಿಕದಲ್ಲಿರೋ ನನ್ನ ಕಸಿನ್ ಮನೆ ಹಿಂದಿರೋದು ಕ್ರೀಕ್, ಇಂಗ್ಲೆಂಡಲ್ಲಿ ಮಾತ್ರ ಕ್ರೀಕ್ ಅಂದ್ರೆ ಉಬ್ಬರ ಬಂದಾಗ ಸಮುದ್ರದ ನೀರು ಒಳಗೆ ನುಗ್ಗೋ ಜಾಗ.

ಇನ್ನೊಂದು ಹೇಳ್ದೆ ಇರಕ್ಕಾಗಲ್ಲ. ರಿವರ್ ಏವನ್ ಇದ್ಯಲ್ಲ, ಏವನ್ ಅಂದ್ರೆನೇ ಹಳೇ ಬ್ರಿಟಿಷ್ ಭಾಷೇಲಿ ನದಿ, ವೆಲ್ಷಲ್ಲಿ ಈಗ್ಲೂ ಆವನ್ ಅಂತಾರೆ, ಅಲ್ಲಿಗೆ ಅದು ನದಿ ನದಿ. ನಗಬೇಡಿ, ನಾವು ಮಡಿಕೇರಿಗೆ ಸ್ಕೂಲ್ ಟೂರ್ ಹೋಗಿ ನೋಡಿದ ಅಬ್ಬಿ ಫಾಲ್ಸೂ ಅದೇ ಕಥೆ, ಅಬ್ಬಿ ಅಂದ್ರೆನೇ ಫಾಲ್ಸ್.

ವಾಪಸ್ ಬರೋ ಮುಂಚೆ ಏನೋ ಫಾರ್ಮ್ ತುಂಬ್ತಾ ಆಫೀಸಲ್ಲಿ ಪಕ್ಕದ ಸೀಟಿನೋನು ನನ್ನ ಪಾಸ್‌ಪೋರ್ಟಲ್ಲಿ ಹುಟ್ಟಿದೂರು ನೋಡಿ, ಹೋಲ್? ಅಂದ. ಇಲ್ಲ ಮಾರಾಯ, ಹೊಳೆ, ನಿಮ್ಮ ಬೆಕ್ ಥರ ಅಂದೆ, ಅವನಿಗೆ ಬೇಗ ಅರ್ಥ ಆಗ್ಲಿ ಅಂತ. ಫೋಟೋ ಇದ್ಯಾ ಅಂದ. ತಮ್ಮ ಮಳೆಗಾಲದಲ್ಲಿ ಬ್ರಿಡ್ಜ್ ಮೇಲಿಂದ ತೆಗೆದು ಕಳಿಸಿದ್ದು ಫೋನಲ್ಲಿತ್ತು, ಕೆಂಪು ನೀರು ದಡದಿಂದ ದಡಕ್ಕೆ, ಮಧ್ಯೆ ಒಂದು ಮರದ ದಿಮ್ಮಿ ತೇಲ್ಕೊಂಡ್ ಹೋಗ್ತಿದೆ. ಅವನು ಫೋನ್ ಇಸ್ಕೊಂಡು ಫೋಟೋ ದೊಡ್ಡದು ಮಾಡಿ ಮಾಡಿ ನೋಡ್ದ. ಆಮೇಲೆ ಫೋನ್ ವಾಪಸ್ ಕೊಡ್ತಾ, ಇದು ಬೆಕ್ಕೂ ಅಲ್ಲ ಗಿಕ್ಕೂ ಅಲ್ಲ, ರಿವರ್ ಅಂದ.

ಆ ಒಂದು ಮಾರ್ಕು.