ಇಬ್ಬನಿ ಸಿಹಿಯಾಗಿರುತ್ತದೆಯೇ?

ಕೆಲಸದ ಚೀಟಿಯಲ್ಲಿ ಇದ್ದದ್ದು ಎರಡೇ ಪದ: ‘ಮೇಪಲ್ ಬೇಲಿ’. ಮೇಪಲ್ ಚಳಿನಾಡುಗಳ ಮರ, ಅದರಲ್ಲಿ ಹಲವು ಜಾತಿ. ನಮ್ಮ ಕಚೇರಿಯವರ ಪಾಲಿಗೆ ಮೇಪಲ್ ಎಲ್ಲವೂ ಒಂದೇ. ಆ ದಿನ ನನ್ನ ಪಾಲಿಗೂ ಹಾಗೆಯೇ ಆಗಿತ್ತು.

ಚಳಿಗಾಲ ಮುಗಿಯುತ್ತ ಬಂದಿತ್ತು. ಕೊಂಬೆಗಳಲ್ಲಿ ಒಂದೂ ಎಲೆಯಿಲ್ಲ. ಎಲೆಯಿಲ್ಲದ ಮೇಲೆ ಗಿಡ ಮಲಗಿದೆ ಎಂದುಕೊಂಡೆ. ಬುಡ ಅಗಲ, ತಲೆ ಕಿರಿದು ಬರುವಂತೆ ದಾರ ಕಟ್ಟಿ, ಟ್ರಿಮ್ಮರ್ ಹಿಡಿದು ಅರ್ಧ ಗಂಟೆಯಲ್ಲಿ ಹನ್ನೆರಡು ಗಿಡ ಸವರಿದೆ. ಹಿಂದೆ ಸರಿದು ನಿಂತು ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆ.

ಕಾಲ ಬಳಿ ಟಪ್ ಎಂದಿತು. ಆಕಾಶ ನೋಡಿದೆ, ಮೋಡವಿಲ್ಲ. ಇನ್ನೊಂದು ಟಪ್. ನೋಡನೋಡುತ್ತಿದ್ದಂತೆ ಕತ್ತರಿಸಿದ ಪ್ರತಿ ತುದಿಯಲ್ಲೂ ಒಂದೊಂದು ಹನಿ ಉಬ್ಬಿ, ತೂಗಿ, ಬಿತ್ತು. ಕಲ್ಲುಹಾಸು ಉದ್ದಕ್ಕೂ ಒದ್ದೆ. ರಾತ್ರಿ ಹಿಮ, ಹಗಲು ಎಳೆಬಿಸಿಲು: ಮೇಪಲ್ ರಸ ಏರುವುದೇ ಅಂಥ ದಿನಗಳಲ್ಲಿ. ಪುಸ್ತಕದಲ್ಲಿ ಓದಿದ್ದೆ, ಕೈಗೆ ನೆನಪಿರಲಿಲ್ಲ. ಕಡಿದ ಗಾಯ ಮುಚ್ಚಲು ಬಳಿಯುವ ಬಣ್ಣದ ಡಬ್ಬಿ ತೆರೆದು ಬಳಿದೆ. ರಸ ಅದನ್ನೂ ತೊಳೆದುಕೊಂಡು ಇಳಿಯಿತು. ಅಷ್ಟರಲ್ಲಿ ಮನೆಯ ಯಜಮಾನರು ಬಂದರು.

“ಇದೇನು ನೀರು?”

“ರಾತ್ರಿಯ ಇಬ್ಬನಿ, ಸಾರ್.”

ಅವರು ಒಂದು ತುದಿಗೆ ಬೆರಳು ಹಚ್ಚಿ ನಾಲಿಗೆಗೆ ಮುಟ್ಟಿಸಿಕೊಂಡರು. “ಇಬ್ಬನಿ ಸಿಹಿಯಾಗಿರುತ್ತದೆಯೇ?”

ಉತ್ತರಿಸದೆ ಫೋನ್ ತೆಗೆದು ನಮ್ಮ ಮೇಸ್ತ್ರಿಗೆ ಕರೆ ಮಾಡಿದೆ. ಅವರು ಮನಸಾರೆ ನಕ್ಕು, “ಎಲೆ ಬಿಚ್ಚಿದಾಗ ತಾನೇ ನಿಲ್ಲುತ್ತದೆ, ಬಣ್ಣ ಹಾಳು ಮಾಡಬೇಡ” ಎಂದರು. ಆಮೇಲೆ ಕೇಳಿದರು: “ಯಾವ ಮೇಪಲ್? ಯಂತ್ರದಿಂದ ಸವರಿದೆಯಾ?”

ಹನಿ ನಿಜಕ್ಕೂ ತಾನಾಗಿಯೇ ನಿಂತಿತು. ನಾನು ಹೆದರಬೇಕಾಗಿದ್ದದ್ದು ಮೇಸ್ತ್ರಿ ಆಮೇಲೆ ಕೇಳಿದ ಪ್ರಶ್ನೆಗಳಿಗೆ. ಬೇಲಿಗೆಂದೇ ಬೆಳೆಸುವ ಫೀಲ್ಡ್ ಮೇಪಲ್ ಯಂತ್ರದ ಹೊಡೆತ ತಿಂದೂ ಮತ್ತೆ ದಟ್ಟವಾಗಿ ಚಿಗುರುತ್ತದೆ. ಇವು ಜಪಾನಿ ಮೇಪಲ್‌ಗಳು. ನುಣುಪಾದ, ಕಡ್ಡಿಯಂಥ ಕೆಂಪು ರೆಂಬೆಗಳು ಕಣ್ಣೆದುರೇ ಇದ್ದವು. ದಾರ ನೋಡುತ್ತಿದ್ದ ನಾನು ರೆಂಬೆ ನೋಡಲಿಲ್ಲ. ಮೇಪಲ್‌ನಲ್ಲಿ ಮೊಗ್ಗುಗಳು ಎದುರುಬದುರು ಜೋಡಿಯಾಗಿರುತ್ತವೆ. ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿದರೆ ಎರಡೂ ಚಿಗುರುತ್ತವೆ. ಟ್ರಿಮ್ಮರಿಗೆ ಮೊಗ್ಗು ಕಾಣುತ್ತದೆಯೇ? ಗಿಣ್ಣುಗಳ ನಡುವೆ ಎಲ್ಲೆಂದರಲ್ಲಿ ಕಡಿದ ಮೋಟುಗಳು ಒಣಗಿದವು, ಒಣಗಿದವುಗಳ ಮೇಲೆ ಹವಳದ ಬಣ್ಣದ ಸಣ್ಣ ಗುಳ್ಳೆಗಳೆದ್ದವು. ಶಿಲೀಂಧ್ರ.

ಬೇಸಿಗೆಯ ನಡುವೆ, ಒಣಹವೆ ನೋಡಿಕೊಂಡು ಮತ್ತೆ ಹೋದೆ. ಕೈಕತ್ತರಿ, ಬ್ಲೇಡ್ ಒರೆಸಲು ಸ್ಪಿರಿಟ್. ಒಂದೊಂದು ಮೋಟನ್ನೂ ಜೀವವಿರುವ ಜೋಡಿ ಮೊಗ್ಗಿನವರೆಗೆ ಇಳಿಸಲು ಎರಡು ದಿನ ಹಿಡಿಯಿತು, ಅದೂ ಲೆಕ್ಕಕ್ಕಿಲ್ಲದ ಕೂಲಿ. ಯಜಮಾನರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಇಬ್ಬನಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಚೇರಿಯವರು ಸುಮ್ಮನೆ ಕೂರಲಿಲ್ಲ. ಚೀಟಿಯಲ್ಲಿ ಹೊಸ ಕಲಂ ಸೇರಿಸಿದರು: ‘ರಸ ಸೋರಿದೆಯೇ? ಹೌದು / ಇಲ್ಲ’. ಯಾವ ಮೇಪಲ್ ಎಂದು ಬರೆಯಲು ಇಂದಿಗೂ ಜಾಗವಿಲ್ಲ.